ಕೆರೆ ದಾಟಿದ ಬಿಸಿ ಮುದ್ದೆ

"ಮುಟ್ಟಿ ನೋಡವ್ವ, ಇನ್ನೂ ಬಿಸಿ ಐತೆ" ಎಂದು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸು ನನ್ನ ಕೈ ಹಿಡಿದು ತಮ್ಮ ಮಡಿಲಲ್ಲಿದ್ದ ಬಟ್ಟೆ ಗಂಟಿನ ಮೇಲೆ ಇಟ್ಟರು. ಗಂಟಿನೊಳಗೆ ಡಬ್ಬಿ, ಡಬ್ಬಿಯಲ್ಲಿ ರಾಗಿ ಮುದ್ದೆ. ಅಂಗೈ ಚುರುಕ್ಕೆಂದಿತು.

ಸಿ.ಎಸ್. ಪುರದ ಕಡೆಯಿಂದ ಗುಬ್ಬಿಗೆ ಬರುವ ಬೆಳಗಿನ ಬಸ್ಸು ಅದು. ಅವರ ಊರು ದಾರಿಯಲ್ಲಿ ಸಿಗುವ ದೊಡ್ಡ ಕೆರೆಯ ಈ ದಡದಲ್ಲಿ, ಆಪರೇಷನ್ ಆಗಿ ಮಲಗಿರುವ ತಂಗಿಯ ಊರು ಎದುರು ದಡದಲ್ಲಿ. ಹೇಮಾವತಿ ನೀರು ಬಂದು ಕೆರೆ ತುಂಬಿದರೆ ಮೂರು ಕಡೆಯೂ ನೀರು ನಿಂತು ಇವರ ಊರು ದ್ವೀಪದಂತಾಗುತ್ತಿತ್ತಂತೆ. ತಂಗಿಯ ಮನೆಯ ಒಲೆಯ ಹೊಗೆ ಅಂಗಳದಿಂದಲೇ ಕಾಣುತ್ತಿತ್ತು, ತಲುಪಲು ಮಾತ್ರ ಅರ್ಧ ದಿನ ಸುತ್ತಿ ನಡೆಯಬೇಕಿತ್ತು. ಹೋದವರು ರಾತ್ರಿ ಅಲ್ಲೇ ಉಳಿಯಬೇಕಾದ್ದರಿಂದ ಒಂದು ಸೀರೆ ಚೀಲಕ್ಕೆ ಹಾಕಿಕೊಂಡೇ ಹೊರಡುವುದು ರೂಢಿ.

ಈಗ ಸೇತುವೆಯಾಗಿ, ಅದರ ಮೇಲೆ ಬಸ್ಸು ಓಡಾಡುತ್ತಿದೆ. ಆದರೂ ಅವರ ಕಾಲ ಬಳಿ ಸೀರೆಯ ಚೀಲವಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ನಕ್ಕರು.

"ಅಭ್ಯಾಸ ಬಲ ಕಣವ್ವ, ಸಂಜೆಗೇ ವಾಪಸ್ ಬತ್ತೀನಿ. ನಮ್ಮವ್ವ ತಂಗಿ ಮನೇಲಿ ಕಡೇ ದಿನಗಳಲ್ಲಿ ಮಲಗಿದ್ದಾಗ ನನ್ ಕೈಯಿನ ಬಿಸಿ ಮುದ್ದೆ ಕೇಳಿದ್ಲು. ನಾನ್ ಕೆರೆ ಸುತ್ಕೊಂಡು ಹೋಗೋ ಹೊತ್ಗೆ ಮುದ್ದೆ ಕಲ್ಲಾಗಿತ್ತು."

ಸೇತುವೆ ದಾಟಿದ ಕೂಡಲೇ ಅವರು ಗಂಟನ್ನು ಎದೆಗವಚಿಕೊಂಡು ಇಳಿದರು. ಚೀಲ ಮರೆತೇಬಿಟ್ಟಿದ್ದರು. ಕಿಟಕಿಯಿಂದ ಕೊಟ್ಟೆ.

ಬಸ್ಸು ಹತ್ತು ನಿಮಿಷ ತಡವಾದರೆ ಗೊಣಗುವ ಟೀಚರ್ ನಾನು. ಅವತ್ತು ಶಾಲೆಯಲ್ಲಿ ಹಾಜರಿ ಪುಸ್ತಕ ತೆರೆಯುವವರೆಗೂ ಆ ಬಿಸಿ ತಾಗಿದ ಅಂಗೈಯನ್ನು ಮುಚ್ಚಿಯೇ ಇಟ್ಟುಕೊಂಡಿದ್ದೆ.