ಅವ್ವನ ತುಪ್ಪದ ಡಬ್ಬಿ

ಅಕ್ಕನ ಎರಡನೇ ಹೆರಿಗೆ ಜಗಳೂರಿನಲ್ಲಿ, ಗಂಡನ ಮನೆಯಲ್ಲೇ ಆಯಿತು. ಅವ್ವ ತಿಂಗಳುಗಟ್ಟಲೆ ನಮ್ಮ ರೊಟ್ಟಿಗೂ ಬೆಣ್ಣೆ ಸವರದೆ ಕೂಡಿಟ್ಟು, ಕಾಸಿ, ಡಬ್ಬಿ ತುಂಬ ತುಪ್ಪ ಮಾಡಿ ಬಾಣಂತಿಗೆಂದು ನನ್ನ ಕೈಗೆ ಕೊಟ್ಟಳು.

"ತೊಡೆ ಮೇಲೆ ನೆಟ್ಟಗೆ ಇಟ್ಕಂಡು ಹೋಗಪ್ಪ."

ಚಳಿಗಾಲದ ಬೆಳಗು. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಳ ತೆಗೆದು ಬೆರಳಿಂದ ಒತ್ತಿ ನೋಡಿದೆ. ತುಪ್ಪ ಮರಳುಮರಳಾಗಿ ಗಟ್ಟಿಯಾಗಿತ್ತು. ಇದೆಲ್ಲಿ ಚೆಲ್ಲುತ್ತದೆ ಅಂದುಕೊಂಡೆ. ದಾವಣಗೆರೆಯಲ್ಲಿ ಹತ್ತಿದ ಬಸ್ಸು ಕಿಕ್ಕಿರಿದಿತ್ತು. ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಡಬ್ಬಿಯಿದ್ದ ಚೀಲವನ್ನು ಅಡ್ಡ ಮಲಗಿಸಿ, ಹಿಂದೆ ಹೋಗಿ ಕಂಬಿಗೊರಗಿ ತೂಕಡಿಸಿದೆ.

ಎಚ್ಚರವಾದದ್ದು ಘಮಕ್ಕೆ. "ಯಾರ ಮನೇದ್ರೀ ಹೋಳಿಗೆ ಊಟ?" ಎಂದು ಯಾರೋ ಕೇಳಿದರು. ಬಸ್ಸೆಲ್ಲ ನಕ್ಕಿತು. ಬಾನೆಟ್ಟಿನ ಬಿಸಿಗೆ ತುಪ್ಪ ನೀರಾಗಿ, ಮುಚ್ಚಳದ ಸಂದಿಯಿಂದ ಇಳಿದು, ಕಾಲಡಿಯ ತಗಡಿನ ಮೇಲೆ ಹರಿದಿತ್ತು. ಚೀಲ ನನ್ನದಲ್ಲವೆಂಬಂತೆ ನಾನೂ ನಕ್ಕೆ.

ಜಗಳೂರಲ್ಲಿ ಇಳಿದು ಡಬ್ಬಿ ಒರೆಸಿದೆ. ಅಕ್ಕನ ಅತ್ತೆ ಮುಚ್ಚಳ ತೆಗೆದರು. ತಳ ಮುಚ್ಚುವಷ್ಟಿತ್ತು.

"ಎಮ್ಮೆ ಕಟ್ಟೀರೋ, ಮೇಕೆ ಕಟ್ಟೀರೋ?"

ಅಕ್ಕ ನನ್ನ ಮುಖ ನೋಡಿದಳು.

"ಅವ್ವ ಕೊಟ್ಟಿದ್ದೇ ಇಷ್ಟು," ಎಂದೆ.

ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ಅಕ್ಕ ಅದರ ತುಂಬ ಶೇಂಗಾ ಹಾಕಿಕೊಟ್ಟಳು. ಅವ್ವ ಹಿಗ್ಗಿ ಓಣಿಗೆಲ್ಲ ಹಂಚಿದಳು. ಆ ಮನೆಯಲ್ಲಿ ಮಾತ್ರ ಬೆನ್ನ ಹಿಂದೆ ಅವಳು ಇಂದಿಗೂ "ತಳದ ತುಪ್ಪದ ಬೀಗತಿ."

ಅವತ್ತಿನ ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಮೊನ್ನೆ ಹೋದಾಗ ಅವಳು ಪಾಠ ಓದುತ್ತಿದ್ದಳು. ಘನವಸ್ತುವಿಗೆ ತನ್ನದೇ ಆಕಾರವಿದೆ, ದ್ರವ ಹರಿಯುತ್ತದೆ, ಪಾತ್ರೆಯ ಆಕಾರ ತಾಳುತ್ತದೆ, ಅನಿಲ ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ.

"ಮಾವ, ಇವು ಮೂರಕ್ಕೂ ಒಂದೊಂದು ಉದಾಹರಣೆ ಹೇಳು."

ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಆದರೂ ಮೂರಕ್ಕೂ ಉತ್ತರ ಗೊತ್ತಿತ್ತು, ಅವ್ವನ ತುಪ್ಪ. ಎದ್ದು ಅಡುಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಂಗೆ ಅವತ್ತೇ ಗೊತ್ತಾತು. ನಿನ್ನ ಚೀಲ ಮನೆ ತುಂಬ ಘಮ್ಮಂತಿತ್ತಲ್ಲ. ನೀನೇ ಬಾಯಿ ಬಿಡ್ತೀಯ ಅಂತ ಕಾದೆ."

"ಈಗ ಹೇಳಿದ್ನಲ್ಲಕ್ಕ."

"ನಂಗೆ ಹೇಳಿದ್ರೆ ಅವ್ವನ ಹೆಸರು ತಿರುಗಿ ಬರ್ತೈತಾ? ಅತ್ತೆ ಪಡಸಾಲೇಲಿ ಕುಂತಾರೆ, ಹೋಗು."

ಅತ್ತೆ ಶೇಂಗಾ ಸುಲಿಯುತ್ತಿದ್ದರು. ಮೊರ ಸರಿಸಿ, "ಕುಂತ್ಕಳಪ್ಪ," ಎಂದರು. ನಾನು ಕೂರಲಿಲ್ಲ.

"ಅಮ್ಮ, ಅವತ್ತು ಅವ್ವ ಡಬ್ಬಿ ತುಂಬಿ ಕಳಿಸಿದ್ಳು," ಎಂದೆ.