ಅರ್ಜಿ ಜವರಣ್ಣ ಮತ್ತು ಮೂರು ಅಮಾಸೆ

ಜವರಣ್ಣ ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಕೈಗೆ ಬಂದದ್ದನ್ನು ಮೊದಲು ಅಡ್ಡ ಹಿಡಿದು ಎಡಗಡೆಯ ಅಂಚು ನೋಡುತ್ತಿದ್ದರು, ಆಮೇಲೆ ಮಗುಚಿ ಬೆನ್ನು ನೋಡುತ್ತಿದ್ದರು. ಕಚೇರಿಯವರು ಅರ್ಜಿಯನ್ನು ವಾಪಸ್ ಮಾಡುವಾಗ ಅಂಚಿನಲ್ಲಿ ಒಂದು ಸಾಲು ಗೀಚುತ್ತಾರಲ್ಲ, ಆ ಷರಾ ಅವರಿಗೆ ಮುಖ್ಯ. "ನಾವು ಬರ್ದಿರದು ನಮ್ಗೆ ಗೊತ್ತೇ ಅದೆ. ಅವ್ರೇನ್ ಬರ್ದವ್ರೆ ನೋಡವ" ಅನ್ನುತ್ತಿದ್ದರು. ನಮ್ಮಪ್ಪ ಅಕ್ಕನ ಮದುವೆಯ ಲಗ್ನಪತ್ರಿಕೆ ಕೊಟ್ಟಾಗಲೂ ಅಂಚು ನೋಡಿ, ಬೆನ್ನು ನೋಡಿ, ಏನೂ ಷರಾ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ "ಯಾವತ್ತಪ್ಪ ಮದ್ವೆ?" ಎಂದು ಕೇಳಿದ್ದರು.

ನಾವು ಬರೀ ಕೋಟೆ ಅನ್ನುವ ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯ ಆವರಣದಲ್ಲಿ ಒಂದು ನೇರಳೆ ಮರದ ಕೆಳಗೆ ಅವರ ಜಾಗ. ಕಲ್ಲಿನ ಮೇಲೆ ಮಡಿಸಿದ ಗೋಣಿಚೀಲ, ತೊಡೆಯ ಮೇಲೆ ಒಂದು ಹಲಗೆ, ಪಕ್ಕದಲ್ಲಿ ಕಾಗದ ತುಂಬಿದ ಖಾಕಿ ಚೀಲ. ವಿಧವಾ ವೇತನ, ಪಹಣಿ ತಿದ್ದುಪಡಿ, ಜಾತಿ ಸರ್ಟಿಫಿಕೇಟು, ಆನೆ ತುಳಿದ ಹೊಲದ ಪರಿಹಾರ, ಎಲ್ಲಕ್ಕೂ ಅವರೇ ಬರೆಯಬೇಕು. ನೇರಳೆ ಹಣ್ಣಿನ ಕಾಲದಲ್ಲಿ ಬರೆದ ಅರ್ಜಿಗಳ ಮೇಲೆಲ್ಲ ಒಂದೆರಡು ನೀಲಿ ಕಲೆ ಇರುತ್ತಿತ್ತು. ಅದನ್ನು ನೋಡಿಯೇ ಒಳಗಿನ ಗುಮಾಸ್ತರು "ಇದು ಜವರಣ್ಣನ ಕೈಬರಹ" ಎಂದು ನಗುತ್ತಿದ್ದರಂತೆ. ಅಕ್ಷರ ಮಾತ್ರ ಅಷ್ಟು ದುಂಡು, ಅಷ್ಟು ನೇರ. ಅವರು ಓದಿದ್ದು ಏಳನೇ ಕ್ಲಾಸು ಅಂದರೆ ಯಾರೂ ನಂಬುತ್ತಿರಲಿಲ್ಲ.

ಒಮ್ಮೆ ನಾನು ಅಪ್ಪನ ಜೊತೆ ಹೋದಾಗ ಕಾಡಂಚಿನ ಹಳ್ಳಿಯ ರೈತನೊಬ್ಬ ಅಲ್ಲಿ ಕೂಗಾಡುತ್ತಿದ್ದ. ಆನೆ ಪರಿಹಾರದ ಅರ್ಜಿ ವಾಪಸ್ ಬಂದಿತ್ತು. "ಬರಿ ಜವರಣ್ಣ. ನಿಮ್ ಆನೆ ನನ್ ಜ್ವಾಳ ತಿಂದು ಲದ್ದಿ ಆಕದೆ, ಬಂದು ಎತ್ಕಂಡೋಗಿ ಅಂತ ಬರಿ!" ಜವರಣ್ಣ ಒಂದಕ್ಷರ ಬಿಡದೆ ಅಷ್ಟನ್ನೂ ಬರೆದರು. ಬೈಗುಳಗಳನ್ನೂ ಬರೆದರು. ಬರೆದು, ಇಡೀ ಆವರಣಕ್ಕೆ ಕೇಳುವಂತೆ ಓದಿ ಹೇಳಿದರು. ಕೂಗಾಡುತ್ತಿದ್ದವನಿಗೇ ನಗು ಬಂತು. ಆಗ ಅದನ್ನು ಹರಿದು ಜೇಬಿಗೆ ಹಾಕಿಕೊಂಡು, "ಈಗ ಮನೆಗೋಗು. ಮೂರು ಅಮಾಸೆ ಕಳೀಲಿ, ಆಮೇಲೆ ಬಾ. ಎರಡೇ ಸಾಲು ಬರ್ಕೊಡ್ತೀನಿ, ಕೆಲ್ಸ ಆಯ್ತದೆ" ಅಂದರು.

ಮೂರು ಅಮಾಸೆ ಅವರ ನಿಯಮ. ತಿರಸ್ಕಾರವಾದ ಅರ್ಜಿಯನ್ನು ಮೂರು ಅಮಾವಾಸ್ಯೆ ಕಳೆಯದೆ ಮತ್ತೆ ಹಾಕಬಾರದು. "ಆಪೀಸಿನೋರ ತಲೇಲಿ ಒಂದು ಕಾಗ್ದ ಮೂರು ಅಮಾಸೆ ಇರ್ತದೆ ಕಣಪ್ಪ, ಆಮೇಲೆ ಮಾಸೋಯ್ತದೆ. ಅಷ್ಟೊತ್ಗೆ ನಿನ್ ಸಿಟ್ಟೂ ಇಳ್ದಿರ್ತದೆ" ಎಂಬುದು ಅದರ ವಿವರಣೆ. ಸಾಹೇಬರ ವರ್ಗವೂ ಆಗಿರಬಹುದು ಎಂಬ ಲೆಕ್ಕಾಚಾರವೂ ಒಳಗೇ ಇತ್ತು. ಅದರಿಂದ ಎಷ್ಟೋ ಜನರ ಕೆಲಸ ಆಗಿತ್ತು, ಹಾಗಾಗಿ ಯಾರೂ ಎದುರಾಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿಯುಸಿ ಮುಗಿಸಿ ಸಿಇಟಿ ಬರೆದೆ. ಡಾಕ್ಟರಾಗಬೇಕು ಅನ್ನುವುದೊಂದು ಬಿಟ್ಟರೆ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ನನ್ನ ರ‍್ಯಾಂಕಿಗೆ ನೇರವಾಗಿ ಸೀಟು ಸಿಗುತ್ತಿರಲಿಲ್ಲ, ಆದರೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ಇದ್ದ ಗ್ರಾಮೀಣ ಮೀಸಲಿನಲ್ಲಿ ಖಂಡಿತ ಸಿಗುತ್ತಿತ್ತು. ಆ ಗ್ರಾಮೀಣ ಪ್ರಮಾಣಪತ್ರವನ್ನು ಬರೆದು, ಓಡಾಡಿ ಮಾಡಿಸಿಕೊಟ್ಟವರು ಜವರಣ್ಣನೇ. ನಾನು ಐದರಿಂದ ಏಳನೇ ಕ್ಲಾಸಿನವರೆಗೆ ಗಾವಡಗೆರೆಯ ಅತ್ತೆಯ ಮನೆಯಲ್ಲಿದ್ದು ಓದಿದವಳು. ಅದು ಹುಣಸೂರು ತಾಲ್ಲೂಕು. ಉಳಿದ ವರ್ಷಗಳೆಲ್ಲ ಕೋಟೆ ತಾಲ್ಲೂಕಿನ ನಮ್ಮೂರಿನಲ್ಲಿ. ಜವರಣ್ಣ ಹತ್ತು ವರ್ಷವನ್ನೂ ಒಂದೇ ಹಾಳೆಯಲ್ಲಿ ಅಂದವಾಗಿ ಬರೆದು, ನಮ್ಮ ತಾಲ್ಲೂಕಿನ ಒಂದೇ ಮೊಹರು ಹಾಕಿಸಿದರು. ಹುಣಸೂರಿನ ಮೊಹರು ಬೇರೆ ಬೇಕು ಅನ್ನುವುದು ಅವರಿಗೆ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಬೆಂಗಳೂರಿನ ಕೌನ್ಸೆಲಿಂಗ್‌ನಲ್ಲಿ ದಾಖಲೆ ನೋಡುವವರು ಅದನ್ನು ಒಂದು ನಿಮಿಷದಲ್ಲಿ ಹಿಡಿದರು. "ಈ ಮೂರು ವರ್ಷಕ್ಕೆ ಆ ತಾಲ್ಲೂಕಿನ ಸಹಿ ಎಲ್ಲಮ್ಮ?" ಅಂದರು. ಅವರು ಒರಟಾಗಿಯೇನೂ ಕೇಳಲಿಲ್ಲ. ಅಂಚಿನಲ್ಲಿ ಒಂದು ಸಾಲು ಬರೆದು ಕಾಗದ ವಾಪಸ್ ಕೊಟ್ಟರು. ಗ್ರಾಮೀಣ ಮೀಸಲು ಇಲ್ಲ ಅಂದ ಮೇಲೆ ಸೀಟೂ ಇಲ್ಲ. ಅಪ್ಪ ಮತ್ತು ನಾನು ಮೈಸೂರಿನ ಬಸ್ಸು ಹತ್ತಿದೆವು.

ಮನೆಗೆ ಬಂದ ಮೇಲೆ ಮಾತಿಗೆ ಬರವಿರಲಿಲ್ಲ. ಅಪ್ಪ, ಬೇರೇನೂ ಬೇಡ, ಮುಂದಿನ ವರ್ಷವೇ ಮತ್ತೆ ಬರಿ ಅಂದರು. ಕೃಷ್ಣರಾಜನಗರದಲ್ಲಿದ್ದ ಭಾವ, ಮೊದಲು ಡಿಗ್ರಿ ಮುಗಿಸಲಿ, ಮೂರು ವರ್ಷ ಬಿಟ್ಟು ನೋಡೋಣ ಅಂದರು. ಹುಣಸೂರಿನ ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ಮೇಷ್ಟ್ರು, ಬಿಎಸ್ಸಿಗೆ ಸೇರಿಕೊಂಡೇ ಬರಿ, ಸಿಕ್ಕರೆ ಬಿಟ್ಟು ಹೋಗು ಅಂದರು. ಅವ್ವ ಮಾತ್ರ "ಒಂದ್ ವರ್ಸ ಸುಮ್ಕೆ ಮನೇಲಿರು, ಮೈ ನೋಡ್ಕೊ" ಅಂದಳು. ಒಬ್ಬೊಬ್ಬರ ಮಾತು ಕೇಳುವಾಗಲೂ ಅದೇ ಸರಿ ಅನ್ನಿಸುತ್ತಿತ್ತು. ಬೆಳಿಗ್ಗೆ ಬಿಎಸ್ಸಿಯವಳು, ಮಧ್ಯಾಹ್ನ ಮನೆಯಲ್ಲೇ ಓದುವವಳು, ಸಂಜೆಯ ಹೊತ್ತಿಗೆ ಏನೂ ಬೇಡವಾದವಳು, ಹೀಗಿತ್ತು ನನ್ನ ಸ್ಥಿತಿ.

ಆ ಗೊಂದಲವನ್ನು ಹೊತ್ತುಕೊಂಡೇ ಜವರಣ್ಣನ ಹತ್ತಿರ ಹೋದೆ. ಅವರು ಪ್ರಮಾಣಪತ್ರ ತೆಗೆದುಕೊಂಡು ಎಂದಿನಂತೆ ಅಂಚು ನೋಡಿದರು. ಬಹಳ ಹೊತ್ತು ನೋಡಿದರು.

"ಯಾವ ಸಾಯೇಬ್ರವ್ವ ವಾಪಸ್ ಮಾಡಿದ್ದು?"

"ಸಾಹೇಬರ ಪ್ರಶ್ನೆ ಅಲ್ಲ ಜವರಣ್ಣ, ಅಲ್ಲಿ ಎಲ್ಲಾ ಕಂಪ್ಯೂಟರು. ಇನ್ನು ಮುಂದಿನ ವರ್ಷವೇ."

"ಕಂಪ್ಯೂಟ್ರು ಅಂದ್ರೆ ಅದುಕ್ಕೂ ಒಬ್ಬ ಸಾಯೇಬ ಇರ್ತಾನೆ ಕಣವ್ವ. ನೀನೀಗ ಏನೂ ಮಾಡ್ಬ್ಯಾಡ. ಎಲ್ಲೂ ಸೇರ್ಬ್ಯಾಡ, ಎಲ್ಲೂ ಸಯ್ನು ಆಕ್ಬ್ಯಾಡ. ಮೂರು ಅಮಾಸೆ ಕಳೀಲಿ. ಇದು ನನ್ತಾವ್ಲೇ ಇರ್ಲಿ" ಎಂದು ಕಾಗದವನ್ನು ಚೀಲಕ್ಕೆ ಹಾಕಿಕೊಂಡರು.

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಅವ್ವನನ್ನು ಬಿಟ್ಟರೆ ಏನೂ ಮಾಡಬೇಡ ಎಂದು ಹೇಳಿದವರು ಊರಿಗೆಲ್ಲ ಅವರೊಬ್ಬರೇ. ಅಪ್ಪ ಕೇಳಿದಾಗ, ಭಾವ ಕೇಳಿದಾಗ, "ಜವರಣ್ಣ ಮೂರು ಅಮಾಸೆ ಅಂದಿದ್ದಾರೆ" ಎಂದು ಹೇಳಿ ಪಾರಾಗುತ್ತಿದ್ದೆ. ಭೀಮನ ಅಮಾವಾಸ್ಯೆ ಕಳೆಯಿತು. ಶ್ರಾವಣದಲ್ಲಿ ಬಿಎಸ್ಸಿ ಪ್ರವೇಶ ಮುಗಿಯಿತು. ಬೆನಕನ ಅಮಾವಾಸ್ಯೆಯೂ ಕಳೆಯಿತು.

ಗಣೇಶನ ಹಬ್ಬ ಆದ ವಾರ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ಉಳಿದ ಸೀಟುಗಳಿಗೆ ಎರಡನೇ ಸುತ್ತಿನ ಕೌನ್ಸೆಲಿಂಗ್, ಮೂಲ ದಾಖಲೆಗಳೊಂದಿಗೆ ಬರಬೇಕು. ಪೇಪರು ಹಿಡಿದು ನೇರಳೆ ಮರದ ಕೆಳಗೆ ಓಡಿದೆ. ಜವರಣ್ಣ ಬೆರಳಿನ ಗೆಣ್ಣು ಎಣಿಸಿದರು. "ಇನ್ನೊಂದು ಅಮಾಸೆ ಅದೆ ಕಣವ್ವ. ಈಗೋದ್ರೆ ಅದೇ ಸಾಯೇಬ ಅದೇ ಟೇಬಲ್ ಮುಂದೆ ಕೂತಿರ್ತಾನೆ. ನಿನ್ ಮೊಕ ಕಂಡೇಟ್ಗೆ ತಿರ್ಗಾ ಅದೇ ಸರಾ ಬರೀತಾನೆ. ಆಮೇಲೆ ಅದು ಅಳ್ಸಕ್ಕಾಯ್ತದಾ?"

ಆ ಮೇಜು, ಆ ಪೆನ್ನು, ನನ್ನ ಹಿಂದೆ ನಿಂತಿದ್ದ ಅಪ್ಪನ ಮುಖ ನೆನಪಾಯಿತು. ನಾನು ಹೋಗಲಿಲ್ಲ.

ಮೂರನೆಯದಾದ ಮಹಾಲಯ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇದ್ದಾಗ ಹುಣಸೂರಿನ ಬಸ್ ನಿಲ್ದಾಣದಲ್ಲಿ ಶೋಭಾ ಸಿಕ್ಕಳು. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪಿರಿಯಾಪಟ್ಟಣದ ಹುಡುಗಿ. ಕೈಯಲ್ಲಿ ಹೊಸ ಟ್ರಂಕು. ಅವಳದ್ದೂ ಎರಡು ತಾಲ್ಲೂಕಿನ ಓದು, ಅವಳಿಗೂ ಮೊದಲ ಸುತ್ತಿನಲ್ಲಿ ಅದೇ ತಕರಾರು. ನಾಲ್ಕೇ ದಿನದಲ್ಲಿ ಇನ್ನೊಂದು ಮೊಹರು ಹಾಕಿಸಿಕೊಂಡು ಎರಡನೇ ಸುತ್ತಿಗೆ ಹೋಗಿ ಮೆಡಿಕಲ್ ಸೀಟು ತಂದಿದ್ದಳು. "ನಿನ್ ರ‍್ಯಾಂಕು ನನ್ಗಿಂತ ಚೆನ್ನಾಗಿತ್ತಲ್ಲೇ, ಯಾಕೆ ಬರ್ಲಿಲ್ಲ?" ಅಂದಳು. ಅವಳ ಬಸ್ಸು ಹೊರಡುವ ತನಕ ಸುಮ್ಮನೆ ನಗುತ್ತಾ ನಿಂತಿದ್ದೆ.

ಮಾರನೆಯ ದಿನ ಬೈಯಲೆಂದೇ ಕೋಟೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಜವರಣ್ಣನ ಮುಖ ಅರಳಿತು. "ಅಮಾಸೆಗೆ ಇನ್ನೂ ಮೂರು ದಿನ ಅದೆ. ಆದ್ರೂ ಬಂದ್ಬುಟ್ಟಿದ್ದೀಯ, ತಗೋ" ಎಂದು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಕಾಗದ ತೆಗೆದುಕೊಟ್ಟರು. ಹೊಸ ಪ್ರಮಾಣಪತ್ರ. ಗಾವಡಗೆರೆ ಶಾಲೆಯ ಹೆಡ್ಮಾಸ್ಟರ ಸಹಿ, ಹುಣಸೂರಿನ ಮೊಹರು, ಕೋಟೆಯ ಮೊಹರು, ಎಲ್ಲಾ ಇತ್ತು. "ನಾಕು ಸಲ ಓಗಿ ಬಂದೆ ಗಾವಡಗೆರೆಗೆ. ಹಳೇ ದಾಖಲಾತಿ ಪುಸ್ತಕ ಸಿಕ್ತಿರ್ನಿಲ್ಲ. ತೆಪ್ಪು ನಂದಲ್ವಾ ಕೂಸು? ಅದುಕ್ಕೇ ನಿಂಗೆ ಗೊತ್ತಾಗ್ದಂಗೆ ಮಾಡಿವ್ನಿ."

ನಾನೂ ಅವರಂತೆಯೇ ಅಂಚು ನೋಡಿದೆ. ಹುಣಸೂರಿನ ಮೊಹರಿನ ಕೆಳಗೆ ತಾರೀಕಿತ್ತು. ಅದು ಗೌರಿ ಹಬ್ಬಕ್ಕೂ ಹಿಂದಿನ ವಾರದ್ದು. ಅಂದರೆ ನಾನು ಪೇಪರು ಹಿಡಿದು ಓಡಿ ಬಂದ ದಿನ ಈ ಕಾಗದ ಇದೇ ಚೀಲದಲ್ಲಿತ್ತು.

"ಜವರಣ್ಣ, ಅವತ್ತೇ ಯಾಕೆ ಕೊಡಲಿಲ್ಲ?"

"ಅಮಾಸೆ ಕಳ್ದಿರ್ನಿಲ್ವಲ್ಲವ್ವ."

"ಇದೊಂದಿದ್ದಿದ್ರೆ ನಂಗೆ ಸೀಟು ಸಿಕ್ತಿತ್ತು. ಶೋಭಾಗೆ ಸಿಕ್ಕಿದೆ. ಇನ್ನೇನು ಅಮಾಸೆ ನಿಮ್ದು?"

ಬೈಯಲು ಇನ್ನೂ ಬಹಳ ಮಾತು ತಂದಿದ್ದೆ, ಅಳು ಬಂದು ಎಲ್ಲವೂ ಮರೆತುಹೋಯಿತು. ಜವರಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಕಾಯುತ್ತಿದ್ದ ಮುದುಕಿಗೆ "ನಾಳೆ ಬಾವ್ವ" ಎಂದು ಹೇಳಿ, ಹಲಗೆ ಎತ್ತಿಕೊಂಡು, ನಡುಮಧ್ಯಾಹ್ನವೇ ಮನೆಗೆ ಹೊರಟುಬಿಟ್ಟರು. ಅವರು ಹಾಗೆ ಎದ್ದು ಹೋದದ್ದನ್ನು ಅಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ.

ಮುಂದಿನ ವರ್ಷ ಮತ್ತೆ ಸಿಇಟಿ ಬರೆದೆ. ಎರಡು ಮೊಹರಿನ ಆ ಕಾಗದವನ್ನು ಈ ಸಲ ಯಾರೂ ಪ್ರಶ್ನಿಸಲಿಲ್ಲ. ಆದರೆ ರ‍್ಯಾಂಕೇ ಹಿಂದಕ್ಕೆ ಹೋಗಿತ್ತು, ಗ್ರಾಮೀಣ ಮೀಸಲೂ ನನ್ನನ್ನು ಮುಟ್ಟಲಿಲ್ಲ. ಆ ವರ್ಷ ಪುಸ್ತಕ ತೆರೆದು ಕೂತಾಗಲೆಲ್ಲ, ಹೋಗಿದ್ದರೆ ಸಿಗುತ್ತಿತ್ತು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮೂರನೇ ಸಲ ಯಾವಾಗ ಬರೆಯಲಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಬಿಎಸ್ಸಿ ಸೇರಿದೆ, ಬಿಎಡ್ ಮಾಡಿದೆ, ಬೆಟ್ಟದಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ ಆದೆ. ಕೆಲಸ ನನಗೆ ಇಷ್ಟವೇ. ಆದರೂ ಬಿಳಿ ಕೋಟು ಹಾಕಿದ ಯಾವ ಹುಡುಗಿಯನ್ನು ಕಂಡರೂ ಇವತ್ತಿಗೂ ಒಂದು ಗಳಿಗೆ ನಿಂತು ನೋಡುತ್ತೇನೆ.

ಜವರಣ್ಣನ ವಿಷಯ ಅಪ್ಪನಿಂದ ಕೇಳುತ್ತಿದ್ದೆ. ಅವರು ಆಮೇಲೆ ಅಮಾಸೆಯ ಮಾತನ್ನೇ ಎತ್ತುತ್ತಿರಲಿಲ್ಲವಂತೆ. ಅರ್ಜಿ ವಾಪಸ್ ಬಂತು ಅಂದರೆ "ಈಗ್ಲೇ ಆಕು, ಇವತ್ತೇ ಆಕು, ನಾನೇ ಬತ್ತೀನಿ ನಡಿ" ಎಂದು ಅವಸರ ಮಾಡುತ್ತಿದ್ದರಂತೆ. ಅದರಿಂದ ಕೆಲವರ ಕೆಲಸ ಕೆಟ್ಟದ್ದೂ ಉಂಟಂತೆ.

ಎರಡು ಸಾವಿರದ ಇಸವಿಯ ಆಚೆಗೆ ಕೆಲವು ವರ್ಷ ಕಳೆದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಬಹಳ ಸೊರಗಿದ್ದರು. ಸೊಸೆ ಕಾಫಿ ತರಲು ಒಳಗೆ ಹೋದದ್ದೇ ತಡ, ಇಷ್ಟು ವರ್ಷ ಹಿಡಿದಿಟ್ಟಿದ್ದವರ ಹಾಗೆ ಕೇಳಿದರು.

"ನಾನು ಅಡ್ಡ ಬರ್ದೇ ಇದ್ದಿದ್ರೆ ನೀನು ಡಾಕ್ಟ್ರಾಗಿರ್ತಿದ್ದೆ, ಅಲ್ವಾ?"

"ಇಲ್ಲ ಬಿಡಿ ಜವರಣ್ಣ. ಆ ವರ್ಷ ಹೋಗಿದ್ರೂ ಸಿಕ್ತಿರ್ಲಿಲ್ಲ" ಅಂದೆ. ಅದು ಸುಳ್ಳು. ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ.

ಅವರು ನನ್ನ ಕಡೆಗೆ ಹೊರಳಿ, "ಅಂಗಂತ ಬರ್ಕೊಡ್ತೀಯಾ?" ಅಂದರು.

ತಮಾಷೆಯೇನೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ನನ್ನ ಚೀಲದಲ್ಲಿ ಮಕ್ಕಳ ಟೆಸ್ಟಿನ ಬಿಳಿ ಹಾಳೆಗಳಿದ್ದವು. ಒಂದನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡು ಬರೆದೆ: "ನನಗೆ ಮೆಡಿಕಲ್ ಸೀಟು ಸಿಗದಿದ್ದುದಕ್ಕೆ ಜವರಣ್ಣನವರು ಕಾರಣರಲ್ಲ." ಅವರ ಸಮಾಧಾನಕ್ಕೆಂದು ಅಷ್ಟೇ ಬರೆದು ನಿಲ್ಲಿಸಬೇಕೆಂದಿದ್ದೆ. ಕೈ ನಿಲ್ಲಲಿಲ್ಲ. "ಎರಡನೇ ಸುತ್ತಿಗೆ ಹೆದರಿ ಹೋಗದೆ ಉಳಿದವಳು ನಾನೇ" ಎಂದೂ ಬರೆದುಬಿಟ್ಟೆ.

ಓದಿ ಹೇಳು ಅಂದರು. ಓದಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದ ಜವರಣ್ಣ, "ಎರಡ್ನೇ ಸಾಲು ಒಡ್ದಾಕು ಕೂಸು. ನಾನು ಅಷ್ಟು ಕೇಳ್ನಿಲ್ಲ" ಅಂದರು.

"ಇರಲಿ ಬಿಡಿ" ಎಂದು ನಾನು ಕೆಳಗೆ ಸಹಿ ಹಾಕಿದೆ.