ಬೆಂಕಿಹಲ್ಲಿಯೂ ಬಸಳೆಮುದ್ದೆಯೂ

ಇಪ್ಪತ್ತೆರಡು ವರ್ಷಗಳಿಂದ ನಾನು ಕುಂದಾಪುರದ ಕಾಲೇಜೊಂದರಲ್ಲಿ ‘ತಂಡ ಕಟ್ಟುವುದು ಹೇಗೆ’ ಎಂಬ ಪಾಠ ಮಾಡುತ್ತಿದ್ದೇನೆ. ಇಷ್ಟು ಹೇಳಿದ ಮೇಲೆ ನನಗೆ ತಂಡ ಕಟ್ಟಲು ಬರುವುದಿಲ್ಲ ಎಂದು ಬೇರೆಯಾಗಿ ಹೇಳುವ ಅಗತ್ಯವಿಲ್ಲ. ಬಂದಿದ್ದರೆ ಕಟ್ಟುತ್ತಿದ್ದೆ; ಪಾಠ ಯಾಕೆ ಮಾಡುತ್ತಿದ್ದೆ? ಆದರೂ ಈ ಸತ್ಯವನ್ನು ಅರಗಿಸಿಕೊಳ್ಳಲು ನನಗೆ ಐವತ್ತಮೂರು ವರ್ಷ, ಬೈಂದೂರಿನ ಒಂದು ಸಭಾಭವನ ಮತ್ತು ಮೊಬೈಲ್ ಪರದೆಯ ಮೇಲಿನ ಆರು ರಾಕ್ಷಸ ಪ್ರಾಣಿಗಳು ಬೇಕಾದವು.

ಈ ಪ್ರಾಣಿಗಳ ಪರಿಚಯ ನನಗಾದದ್ದು ಮಗಳು ಮಾನಸಳಿಂದ. ಅವಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ವಿಚಿತ್ರ ಪ್ರಾಣಿಗಳನ್ನು ಸಾಕಿ, ಪಳಗಿಸಿ, ಬೇರೆಯವರ ಪ್ರಾಣಿಗಳ ಮೇಲೆ ಬಿಟ್ಟು ಕಾದಾಡಿಸುವ ಆಟವೊಂದನ್ನು ಮೂರು ವರ್ಷಗಳಿಂದ ಆಡುತ್ತಿದ್ದಾಳೆ. ಇದನ್ನು ಬಹಳ ಕಾಲ ನಾನು ‘ಹೊತ್ತು ಹಾಳು’ ಎಂಬ ಒಂದೇ ಶೀರ್ಷಿಕೆಯಡಿ ಇಟ್ಟಿದ್ದೆ. ಒಂದು ಭಾನುವಾರ ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಅವಳ ಹಿಂದೆ ನಿಂತು, ಬೈಯಲು ಒಳ್ಳೆಯ ವಾಕ್ಯವೊಂದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಕೆಂಪಗೆ ಉರಿಯುವ ಹಲ್ಲಿಯೊಂದು ಎದುರಾಳಿಯನ್ನು ಒಂದೇ ಉಸಿರಿಗೆ ಸುಟ್ಟು ಬೂದಿ ಮಾಡಿತು. ಬೈಗುಳ ಮರೆತುಹೋಯಿತು. ಮರುದಿನ ನನ್ನ ಮೊಬೈಲಿಗೂ ಆ ಆಟ ಬಂತು.

ಆಟ ಸರಳ. ಇಬ್ಬರು ಜೊತೆಯಾಗಿ ಆಡುವುದು. ಒಬ್ಬೊಬ್ಬರಿಗೆ ಮೂರರಂತೆ ಒಂದು ಜೋಡಿಗೆ ಆರು ಪ್ರಾಣಿ. ಆರೂ ಬಿದ್ದರೆ ಸೋಲು. ಪ್ರತಿ ಪ್ರಾಣಿಗೂ ಒಂದು ಜಾತಿ ಉಂಟು. ಅದೊಂದು ಇಲ್ಲದ ಜಾಗವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಬೆಂಕಿ ಜಾತಿ ಗಿಡದ ಜಾತಿಯನ್ನು ಸುಡುತ್ತದೆ, ನೀರಿನದು ಬೆಂಕಿಯನ್ನು ಆರಿಸುತ್ತದೆ, ಗಿಡ ನೀರನ್ನು ಹೀರುತ್ತದೆ. ಅವುಗಳ ನಿಜನಾಮ ನನ್ನ ನಾಲಿಗೆಗೆ ಒಗ್ಗದ ಕಾರಣ ನಾನೇ ನಾಮಕರಣ ಮಾಡಿದೆ. ಸುಡುವ ಹಲ್ಲಿ ಬೆಂಕಿಹಲ್ಲಿಯಾಯಿತು. ಕೊಂಬಿನಿಂದ ಕಿಡಿ ಹಾರಿಸುವುದು ಕೆಂಡಗೂಳಿ. ಮಾನಸಳ ಬಳಿ ಬಂಡೆಯಂಥದ್ದೊಂದು ಇತ್ತು, ಅದು ಕಲ್ಲಾಮೆ. ಕೊನೆಯದಾಗಿ, ಹಸಿರಾಗಿ, ಲೋಳೆಲೋಳೆಯಾಗಿ, ಮುಖ ಯಾವುದು ಬೆನ್ನು ಯಾವುದು ಎಂದೇ ತಿಳಿಯದ ಉಂಡೆಯೊಂದು. ಅದನ್ನು ಬಸಳೆಮುದ್ದೆ ಎಂದು ಕರೆದೆ. ಅದು ಯಾರಿಗೂ ಹೊಡೆಯುವುದಿಲ್ಲ. ಪಕ್ಕದಲ್ಲಿರುವ ಪ್ರಾಣಿಗೆ ಪೆಟ್ಟಾದಾಗ ಗಾಯ ಮಾಯಿಸುತ್ತದೆ, ಅಷ್ಟೆ. ಇಂಥದ್ದನ್ನು ಸೃಷ್ಟಿಸಿದವರಿಗೆ ಬೇರೆ ಕೆಲಸವಿರಲಿಲ್ಲವೆಂದು ನಾನು ತೀರ್ಮಾನಿಸಿದೆ.

ನನ್ನ ತಂಡವನ್ನು ನಾನು ಕಟ್ಟಿದ ರೀತಿ ಬಹಳ ವೈಜ್ಞಾನಿಕವಾಗಿತ್ತು. ಇದ್ದದ್ದರಲ್ಲಿ ಅತಿ ಜೋರಾಗಿ ಹೊಡೆಯುವ ಮೂರನ್ನು ಆರಿಸಿದೆ. ಮೂರೂ ಬೆಂಕಿ. ನೀರಿನ ಜಾತಿಯ ಸಣ್ಣ ಕಪ್ಪೆಯೊಂದು ಎದುರಾದರೆ ಮೂರೂ ಸಾಲಾಗಿ ಆರಿಹೋಗುತ್ತಿದ್ದವು. ಒಂದು ವಾರ ನನ್ನ ಸೋಲುಗಳನ್ನು ಸುಮ್ಮನೆ ನೋಡಿದ ಮಗಳು ಕೊನೆಗೆ ಕೇಳಿದಳು: “ಅಪ್ಪಯ್ಯ, ಮೂರೂ ಹೊಡುವ್ದೇ ಇಟ್ರೆ ಪೆಟ್ಟ್ ತಿಂಬುದ್ ಯಾರ್?”

ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾಗಿ ನನಗೆ ಸಿಟ್ಟು ಬಂತು.

ನಮ್ಮ ಹಿರಿಯರು ಊಟಕ್ಕೆ ಆರು ರುಚಿ ಎಂದರು. ಆರೂ ಸಿಹಿಯೇ ಇರಲಿ ಎನ್ನಲಿಲ್ಲ. ಕಹಿಗೂ ಒಗರಿಗೂ ಎಲೆಯ ಮೇಲೆ ಜಾಗ ಕೊಟ್ಟರು. ಹಾಗಲಕಾಯಿಯ ಮೇಲಿನ ಪ್ರೀತಿಯಿಂದ ಕೊಟ್ಟದ್ದಲ್ಲ, ಹೊಟ್ಟೆಯ ಮೇಲಿನ ಕಾಳಜಿಯಿಂದ. ಯಕ್ಷಗಾನದ ಮೇಳಗಳೂ ಇದನ್ನು ಬಲ್ಲವು. ಬಣ್ಣ ಹಚ್ಚುವ ಚೌಕಿಯಲ್ಲಿರುವವರೆಲ್ಲ ಕಿರೀಟ ಕಟ್ಟಿಕೊಂಡು ಸಿಂಹಾಸನ ಏರಿದರೆ, ಓಲೆ ತಂದುಕೊಟ್ಟು ಎರಡು ಮಾತಿಗೆ ಜನರನ್ನು ನಗಿಸಿ ಹೋಗುವ ದೂತ ಎಲ್ಲಿಂದ ಬರಬೇಕು? ಈ ಜ್ಞಾನವನ್ನು ಹಿರಿಯರಿಂದ ಪಡೆದು, ಜೋಪಾನವಾಗಿ ಮಡಿಚಿಟ್ಟು, ಒಮ್ಮೆಯೂ ಬಳಸದೆ ಮುಂದಿನವರಿಗೆ ದಾಟಿಸುವುದೇ ನಮ್ಮ ಸಂಪ್ರದಾಯ. ನಮ್ಮ ಕಡೆಯ ಯಾವುದೇ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಿಚಿಡುವವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಕುರ್ಚಿಗಳು ಮಡಿಚಿಕೊಂಡೂ ಇರುವುದಿಲ್ಲ.

ಜುಲೈ ತಿಂಗಳಲ್ಲಿ ಬೈಂದೂರಿನಲ್ಲಿ ಈ ಆಟದ ಪಂದ್ಯಾವಳಿ ಎಂದು ಸುದ್ದಿಯಾಯಿತು. ಮೊದಲೆರಡು ಸ್ಥಾನ ಪಡೆದ ಜೋಡಿಗಳಿಗೆ ಮಂಗಳೂರಿಗೆ ಹೋಗುವ ಅವಕಾಶ. ಮಾನಸ ಎರಡು ವರ್ಷಗಳಿಂದ ಕಾದದ್ದು ಇದಕ್ಕೇ. ಅವಳ ಜೊತೆಗಾತಿ ಶಂಕರನಾರಾಯಣದ ಸಹನಾ. ಬಸಳೆಮುದ್ದೆಯನ್ನು ಆಡಿಸುವುದರಲ್ಲಿ ಆ ಹುಡುಗಿ ಎತ್ತಿದ ಕೈಯಂತೆ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಸಹನಾಳಿಗೆ ಕಣ್ಣುಬೇನೆ ಬಂತು. ಎರಡೂ ಕಣ್ಣು ಕೆಂಪಾಗಿ, ಪರದೆ ನೋಡುವುದಿರಲಿ, ಬೆಳಕು ನೋಡುವುದೂ ಕಷ್ಟವಾಯಿತು. ಮಾನಸ ಹಾಲಾಡಿಯ ಗೆಳತಿಯೊಬ್ಬಳನ್ನು ಕೇಳುವುದೆಂದುಕೊಂಡಳು. ನಾನಿರುವಾಗ ಹಾಲಾಡಿಗೆ ಯಾಕೆ ಹೋಗಬೇಕು ಎಂದು ನಾನು ಕೇಳಿದೆ. ಹೆಂಡತಿ ಲಲಿತಾ ಅಡುಗೆಮನೆಯಿಂದಲೇ, “ಹ್ವಾಯ್, ಹುಡ್ಗಿ ಕರ್ದಿಲ್ಲೆ, ನೀವಾಗಿ ಹೋಪುದ್ ಎಂತಕೆ?” ಎಂದಳು. ಇಂಥ ಪ್ರಶ್ನೆಗಳಿಗೆ ನಾನು ಉತ್ತರಿಸುವ ಪದ್ಧತಿಯಿಲ್ಲ.

ಮಗಳು ಒಪ್ಪಿದಳು. ಒಂದೇ ಷರತ್ತು: ನನ್ನ ಮೂರರಲ್ಲಿ ಬೆಂಕಿಹಲ್ಲಿ ಇರಬಾರದು, ಬಸಳೆಮುದ್ದೆ ಇರಬೇಕು. ಅವಳ ಕಲ್ಲಾಮೆ ಮುಂದೆ ನಿಂತು ಪೆಟ್ಟು ತಿನ್ನುತ್ತದೆ. ನನ್ನ ಬಸಳೆಮುದ್ದೆ ಅದರ ಗಾಯ ಮಾಯಿಸುತ್ತದೆ. ಎದುರಾಳಿ ಹೊಡೆದು ಹೊಡೆದು ಸುಸ್ತಾದ ಮೇಲೆ ಉಳಿದವು ಕೆಲಸ ಮುಗಿಸುತ್ತವೆ. ನಾಲ್ಕು ದಿನ ಹಾಗೆಯೇ ಅಭ್ಯಾಸ ಮಾಡಿದೆವು. ನಾನು ಮಾಡಬೇಕಾದದ್ದು ಒಂದೇ, ‘ಮಾಯಿಸು’ ಎಂಬ ಗುಂಡಿ ಒತ್ತುವುದು. ಎಂ.ಕಾಂ. ಓದಿದವನು ನಾನು.

ಭಾನುವಾರ ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸು ಹತ್ತಿದೆವು. ಮಾನಸ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಮರವಂತೆ ಬಂತು. ಒಂದು ಬದಿ ಸಮುದ್ರ ಎದ್ದೆದ್ದು ಬಂಡೆಗೆ ಹೊಡೆಯುತ್ತಿತ್ತು. ಆ ಆವೇಶ ನನಗೂ ಹತ್ತಿತೋ ಏನೋ. ತಾಲೂಕಿನ ಜನರೆಲ್ಲ ನೋಡುವಾಗ ಪ್ರಾಧ್ಯಾಪಕನೊಬ್ಬ ಲೋಳೆಯ ಉಂಡೆ ಹಿಡಿದುಕೊಂಡು ಕೂರುವುದೇ ಎನಿಸಿತು. ಮೊಬೈಲ್ ತೆಗೆದು ಬಸಳೆಮುದ್ದೆಯನ್ನು ಹೊರಗಿಟ್ಟೆ, ಬೆಂಕಿಹಲ್ಲಿಯನ್ನು ಒಳಗೆ ತಂದೆ. ಬೈಂದೂರಿನಲ್ಲಿ ಇಳಿದ ಮೇಲೆ, ಹಿರಿಯನೆಂಬ ಹಕ್ಕಿನಿಂದ ಅರ್ಜಿಯಲ್ಲಿ ತಂಡದ ಪಟ್ಟಿಯನ್ನು ನಾನೇ ತುಂಬಿದೆ. ಮಗಳು ಓದದೆ ಸಹಿ ಹಾಕಿದಳು. ಅಪ್ಪ ಬರೆದದ್ದನ್ನು ಓದಿ ನೋಡಬೇಕೆಂದು ಅವಳಿಗೆ ನಾವು ಕಲಿಸಿರಲಿಲ್ಲ.

ಮೊದಲ ಪಂದ್ಯ ಕೋಡಿಯ ಗುಲಾಬಿ ಮತ್ತು ಅವರ ತಮ್ಮ ನಾಗೇಶನ ಜೊತೆ. ಗುಲಾಬಿಯವರನ್ನು ನಾನು ಬಲ್ಲೆ; ಕುಂದಾಪುರದ ಮಾರ್ಕೆಟ್ಟಿನಲ್ಲಿ ನಾನು ಬಂಗುಡೆ ಕೊಳ್ಳುವುದು ಅವರಿಂದಲೇ. ಮಳೆಗಾಲದಲ್ಲಿ ದೋಣಿಗಳು ದಡಕ್ಕೆ ಬಂದಿರುತ್ತವೆ, ಆ ಬಿಡುವಿನಲ್ಲಿ ಅಕ್ಕ ತಮ್ಮ ಈ ಆಟ ಕಲಿತಿದ್ದರು. ಅವರನ್ನು ನೋಡಿ ನನಗೆ ನಿಜಕ್ಕೂ ಕನಿಕರವಾಯಿತು. ಮೊದಲ ಪಂದ್ಯದಲ್ಲೇ ಪರಿಚಯದವರನ್ನು ಸೋಲಿಸಿಬಿಟ್ಟರೆ ಮುಂದೆ ಬಂಗುಡೆ ಕೇಳಲು ಮುಖವೆಲ್ಲಿರುತ್ತದೆ ಎಂದು ಯೋಚಿಸಿದೆ.

ಆಟ ಶುರುವಾಯಿತು. ಕಲ್ಲಾಮೆ ಮುಂದೆ ನಿಂತಿತು. ಅದರ ಪಕ್ಕದಲ್ಲಿ ನನ್ನ ಬೆಂಕಿಹಲ್ಲಿ ಪ್ರತ್ಯಕ್ಷವಾದಾಗ ಮಾನಸಳ ಬೆರಳು ಪರದೆಯ ಮೇಲೆಯೇ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. ಎದುರಿಗೆ ಚಿಪ್ಪಿನಂಥ ಎರಡು ನೀರುಪ್ರಾಣಿಗಳು ಬಾಯಿ ಮುಚ್ಚಿ ಕೂತಿದ್ದವು. ನನ್ನ ಹಲ್ಲಿ ಉರಿಯಿತು. ಚಿಪ್ಪು ಮುಚ್ಚಿಯೇ ಇತ್ತು. ಮತ್ತೆ ಉರಿಯಿತು, ಮತ್ತೆ ಮುಚ್ಚಿತು. ಮೂರನೇ ಸಲ ಉಸಿರೆಳೆದುಕೊಳ್ಳುವಾಗ ಚಿಪ್ಪು ತೆರೆದು ಒಂದು ಕೊಡ ನೀರು ಎರಚಿತು. ಬೆಂಕಿಹಲ್ಲಿಯ ಇತಿಹಾಸ ಅಲ್ಲಿಗೆ ಮುಗಿಯಿತು. ಕೆಂಡಗೂಳಿ ಬಂತು, ಹೋಯಿತು. ಮೂರನೆಯದೂ ಹೋಯಿತು. ಅತ್ತ ಕಲ್ಲಾಮೆ ಒಂಟಿಯಾಗಿ ಪೆಟ್ಟು ತಿನ್ನುತ್ತಾ, ಮಾಯಿಸುವವರಿಲ್ಲದೆ ನಿಧಾನಕ್ಕೆ ಕುಸಿಯಿತು. ಮಾನಸಳ ಉಳಿದೆರಡೂ ಅದರ ಹಿಂದೆಯೇ ಬಿದ್ದವು. ಚಹಾ ಆರುವಷ್ಟರಲ್ಲಿ ನಾವು ಸೋತಿದ್ದೆವು.

ಏಳುವಾಗ ಗುಲಾಬಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮಾಷ್ಟ್ರೆ, ಬೇಜಾರ್ ಮಾಡ್ಕಣ್ಬೇಡಿ. ನಿಮ್ ಹುಡ್ಗಿ ಲಾಯ್ಕ್ ಆಡತ್. ಒಂದ್ ಕೈ ಕಟ್ಕಂಡ್ ಆಡ್ದಾಂಗ್ ಆಯ್ತ್, ಪಾಪ.”

ಆ ಕಟ್ಟಿದ ಹಗ್ಗ ಯಾರೆಂದು ಅವರು ಹೇಳಲಿಲ್ಲ. ಮೀನು ಮಾರುವವರ ಮಾತು ಒರಟು ಎಂದು ಯಾರೋ ಹೇಳುವುದನ್ನು ಕೇಳಿದ್ದೇನೆ. ಅಂಥವರು ಇಷ್ಟು ನಯವಾಗಿ ಯಾರನ್ನೂ ಕೊಯ್ದದ್ದನ್ನು ನೋಡಿರಲಿಕ್ಕಿಲ್ಲ.

ಮಾನಸ ಸಭಾಭವನದ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಲಲಿತಾ ಕಟ್ಟಿಕೊಟ್ಟ ಬುತ್ತಿ ಪಕ್ಕದಲ್ಲಿ ಮುಚ್ಚಿಯೇ ಇತ್ತು. ಮಳೆ ಹನಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಮಾಡಿದ್ದನ್ನು ಹೇಳಿದೆ. ಹೇಳುವಾಗ ಮೊದಲು ಸ್ವಲ್ಪ ‘ತಂತ್ರ’, ‘ಅನಿರೀಕ್ಷಿತ ದಾಳಿ’ ಮುಂತಾದ ಪದಗಳನ್ನು ಸೇರಿಸಿ ನೋಡಿದೆ. ಅವಳ ಮುಖ ನೋಡಿ ಅವನ್ನೆಲ್ಲ ವಾಪಸು ತೆಗೆದುಕೊಂಡೆ. ನನ್ನ ಜಂಭ, ಮತ್ತೇನೂ ಅಲ್ಲ ಎಂದೆ.

“ಸೋತದ್ದಕ್ಕೆ ಬೇಜಾರಿಲ್ಲೆ. ನಂಗ್ ಹೇಳ್ದೇ ಮಾಡಿದ್ರಿ ಅಲ್ದಾ, ಅದ್ಕ್ ಬೇಜಾರ್,” ಎಂದಳು. ಮತ್ತೆ, “ಅಪ್ಪಯ್ಯ, ನಿಮ್ಗೆ ಗೆಲ್ಕಾ, ಬರೀ ಹೊಡೀಕಾ? ಮೊದ್ಲ್ ಅದೊಂದ್ ಹೇಳಿ,” ಎಂದು ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಪ್ರಶ್ನೆಪತ್ರಿಕೆ ತಯಾರಿಸಿದ್ದೇನೆ. ಗೆಲ್ಲಬೇಕೋ, ಬರೀ ಹೊಡೆಯಬೇಕೋ: ಇಷ್ಟು ಚಿಕ್ಕ, ಇಷ್ಟು ಸರಿಯಾದ ಪ್ರಶ್ನೆಯನ್ನು ನಾನು ಒಮ್ಮೆಯೂ ಬರೆದಿಲ್ಲ. ಯೋಚಿಸಿದಾಗ ಗೊತ್ತಾಯಿತು, ನನಗೆ ಬೇಕಾಗಿದ್ದದ್ದು ಗೆಲುವಲ್ಲ, ಹೊಡೆಯುವಾಗ ಜನ ನನ್ನನ್ನು ನೋಡುವುದು. ಇದನ್ನು ಮಗಳಿಗೆ ಹೇಳುವ ಧೈರ್ಯವಾಗದೆ, “ಗೆಲ್ಕ್,” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದೆ.

ಒಂದು ಸಲ ಸೋತವರಿಗೆ ಇನ್ನೊಂದು ದಾರಿಯಿತ್ತು. ಸೋತವರೊಳಗೇ ಆಡಿ ಮೇಲೆ ಬರಬಹುದು, ಪಟ್ಟಿಯಲ್ಲಿ ಒಂದು ಬದಲಾವಣೆಯನ್ನೂ ಮಾಡಬಹುದು. ಹೆಸರು ಬರೆದುಕೊಳ್ಳುವಾಕೆಯ ಮುಂದೆ ನಿಂತು ಬೆಂಕಿಹಲ್ಲಿಯನ್ನು ಹೊಡೆದುಹಾಕಿಸಿ ಬಸಳೆಮುದ್ದೆಯನ್ನು ಬರೆಸಿದೆ. ಈ ಸಲ ಪಟ್ಟಿಯನ್ನು ಮಗಳಿಗೆ ಓದಲು ಕೊಟ್ಟೆ. ಅವಳು ಎರಡು ಸಲ ಓದಿದಳು. ಆಮೇಲೆ ಬುತ್ತಿ ಬಿಚ್ಚಿದಳು.

ಮಧ್ಯಾಹ್ನವಿಡೀ ನಾನು ‘ಮಾಯಿಸು’ ಗುಂಡಿ ಒತ್ತಿದೆ. ಬೇರೇನೂ ಮಾಡಲಿಲ್ಲ. ಕಲ್ಲಾಮೆ ಪೆಟ್ಟು ತಿನ್ನುವುದು, ನಾನು ಮಾಯಿಸುವುದು. ಯಾರೂ ನನ್ನತ್ತ ನೋಡಲಿಲ್ಲ. ವಿಚಿತ್ರವೆಂದರೆ ನಾವು ಗೆಲ್ಲತೊಡಗಿದೆವು. ಒಂದು, ಎರಡು, ಮೂರು. ಮೂರನೆಯದರ ಹೊತ್ತಿಗೆ ಕಲ್ಲಾಮೆಗೆ ಯಾವಾಗ ಪೆಟ್ಟಾಗುತ್ತದೆಂದು ನನಗೆ ಮೊದಲೇ ತಿಳಿಯತೊಡಗಿತು. ಮಗಳು ಉಸಿರು ಹಿಡಿದರೆ ಪೆಟ್ಟು ಬರುತ್ತದೆ ಎಂದರ್ಥ. ಅವಳು ಹಾಗೆ ಉಸಿರು ಹಿಡಿಯುತ್ತಾಳೆಂದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ.

ಸಂಜೆಯ ಹೊತ್ತಿಗೆ ಮಂಗಳೂರಿಗೆ ಹೋಗುವ ಎರಡನೆಯ ಜೋಡಿ ಯಾವುದೆಂದು ನಿರ್ಧರಿಸುವ ಪಂದ್ಯ ಬಂತು. ಎದುರಿಗೆ ಮತ್ತೆ ಗುಲಾಬಿ ಮತ್ತು ನಾಗೇಶ. ಅವರೂ ಆಗಷ್ಟೇ ಒಂದು ಪಂದ್ಯ ಸೋತು ಬಂದಿದ್ದರು. ಆಟ ಎಳೆದಾಡಿತು. ಕೊನೆಗೆ ಅವರದೊಂದು ಚಿಪ್ಪು, ನಮ್ಮದು ಕಲ್ಲಾಮೆ ಮತ್ತು ಬಸಳೆಮುದ್ದೆ. ಮೂರಕ್ಕೂ ಜೀವ ಗುಟುಕಿನಷ್ಟು. ಬಸಳೆಮುದ್ದೆಗೆ ಕೊನೆಯದೊಂದು ವಿದ್ಯೆಯಿದೆ, ತನ್ನಲ್ಲಿ ಉಳಿದದ್ದನ್ನೆಲ್ಲ ಪಕ್ಕದವರಿಗೆ ಹಿಂಡಿಕೊಟ್ಟು ತಾನು ಬಿದ್ದುಬಿಡುವುದು. ಅದನ್ನು ಒತ್ತಬೇಕೆಂದು ನನಗೂ ಗೊತ್ತಿತ್ತು. ಬೆರಳು ಮಾತ್ರ ಏಳಲಿಲ್ಲ. ಬೆಳಿಗ್ಗೆ ಯಾವುದನ್ನು ಹಿಡಿದುಕೊಳ್ಳಲು ನಾಚಿದ್ದೆನೋ, ಸಂಜೆ ಅದನ್ನು ಬೀಳಿಸಲು ಮನಸ್ಸಾಗಲಿಲ್ಲ. ಲೋಳೆಯ ಉಂಡೆ, ಬರೀ ಚಿತ್ರ, ಆದರೂ.

“ಅಪ್ಪಯ್ಯ,” ಎಂದಳು ಮಾನಸ, ಪರದೆಯಿಂದ ಕಣ್ಣು ತೆಗೆಯದೆ. “ಬಿಡಿ. ನಾನ್ ನೋಡ್ಕಂತೆ.”

ಒತ್ತಿದೆ. ಬಸಳೆಮುದ್ದೆ ಬಿತ್ತು. ಚಿಪ್ಪು ತೆರೆದು ನೀರು ಎರಚಿತು. ಕಲ್ಲಾಮೆ ಅಲ್ಲಾಡಿತು, ನಿಂತಿತು, ಒಂದು ಹೆಜ್ಜೆ ಮುಂದಿಟ್ಟು ಚಿಪ್ಪಿನ ಮೇಲೆ ಕೂತಿತು. ಅಷ್ಟೇ. ಗೆದ್ದಿದ್ದೆವು. ಗುಲಾಬಿ ನಕ್ಕು ಮಾನಸಳ ತಲೆ ಸವರಿದರು. ನನಗೆ ಏನೂ ಹೇಳಲಿಲ್ಲ. ಅದನ್ನು ಪ್ರಶಂಸೆಯೆಂದೇ ತೆಗೆದುಕೊಂಡಿದ್ದೇನೆ.

ಮುಂದಿನದು ಮಂಗಳೂರಿನ ಅರ್ಜಿ. ಅಲ್ಲಿಗೆ ಜೋಡಿಯಲ್ಲಿ ಒಬ್ಬರನ್ನು ಬದಲಿಸಬಹುದೆಂದು ನಿಯಮವಿತ್ತು. ವಾಪಸು ಬರುವ ಬಸ್ಸಿನಲ್ಲಿ ಒಂದು ಮಹಾತ್ಯಾಗವನ್ನು ಯೋಜಿಸಿದೆ. ಸಹನಾಳ ಕಣ್ಣು ವಾಸಿಯಾಗುತ್ತದೆ, ಅವಳೇ ಆಡಲಿ, ನಾನು ಹಿಂದೆ ಸರಿಯುತ್ತೇನೆ ಎಂದು ಗದ್ಗದ ದನಿಯಲ್ಲಿ ಹೇಳುವುದು; ಮಗಳು ಬೇಡ ಬೇಡ ಎನ್ನುವುದು; ನಾನು ಒಪ್ಪದಿರುವುದು. ಗಂಟಲು ಸರಿಮಾಡಿಕೊಂಡು ಅವಳ ಕಡೆ ತಿರುಗಿದೆ. ಅವಳು ಆಗಲೇ ಅರ್ಜಿ ತುಂಬಿ ಮುಗಿಸಿದ್ದಳು. ಆಟಗಾರರು: ಮಾನಸ, ಸಹನಾ. ತ್ಯಾಗಕ್ಕೆ ಜಾಗವೇ ಇರಲಿಲ್ಲ.

ಕೆಳಗೆ ಇನ್ನೊಂದು ಸಾಲಿತ್ತು. ‘ಬದಲಿ ಆಟಗಾರ’ ಎಂಬಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆದಿದ್ದಳು. ಇದೇನು ಎಂದು ಕೇಳಿದೆ.

“ಎಂತಾರೂ ಆದ್ರೆ ನೀವ್ ಇರಿ,” ಎಂದಳು. “ಅಲ್ಲಿವರೆಗೆ ಸುಮ್ನೆ ಕೂಕಣಿ.”

ನನ್ನ ಹೆಸರಿನ ಹಿಂದೆ ಮುಂದೆ ಇರುವ ಪದವಿಗಳೆಲ್ಲ ನಾನೇ ಕೇಳಿ, ಓಡಾಡಿ, ಹಟ ಹಿಡಿದು ಪಡೆದವು. ಕೇಳದೆ, ನನ್ನ ದೋಷವನ್ನೆಲ್ಲ ಕಣ್ಣಾರೆ ನೋಡಿದ ಮೇಲೂ ಒಬ್ಬರು ಯೋಚಿಸಿ ಕೊಟ್ಟ ಹುದ್ದೆ ಇದೊಂದೇ. ಅದರ ಮುಖ್ಯ ಕೆಲಸ ಸುಮ್ಮನೆ ಕೂರುವುದು. ದಿನಾ ಸಂಜೆ, ಮಗಳು ಆಡುವಾಗ ಅವಳ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು ಅಭ್ಯಾಸ ಮಾಡುತ್ತಿದ್ದೇನೆ. ಶುರುವಿಗೆ ಒಂದು ನಿಮಿಷವೂ ಆಗುತ್ತಿರಲಿಲ್ಲ. ಈಗ ಏಳು ನಿಮಿಷದವರೆಗೆ ಬಂದಿದೆ.